ಬಾವೀಸ್ ಬೋರ್

ಕಾಶಿರಾಯನ ಮಾತಿಗೆ ಮನೆಯಲ್ಲಿ ಬೆಲೆಯೇ ಇರಲಿಲ್ಲ ಎನ್ನುವಂತಿಲ್ಲ. ಬೆಳಗ್ಗೆ ಬಾಗಿಲಲ್ಲಿ ನಿಂತು "ಹಾಲಿನವ ಬಂದ" ಎಂದು ಅವನು ಕೂಗಿದರೆ, ಜೇವರ್ಗಿ ಕಾಲೋನಿಯ ಆ ಮನೆಯಲ್ಲಿ ಎಲ್ಲರೂ ತಕ್ಷಣ ನಂಬುತ್ತಿದ್ದರು. ಹಾಲಿನವನಿಗಿಂತ ದೊಡ್ಡ ವಿಷಯಗಳನ್ನು ಹೆಂಡತಿ ಪುತಳಾಬಾಯಿ ನೋಡಿಕೊಳ್ಳುತ್ತಿದ್ದಳು.

ಇದರಲ್ಲಿ ಅವನಿಗೆ ದೂರು ಇರಲಿಲ್ಲ, ಆ ಯುಗಾದಿಯ ಊಟದವರೆಗೆ. ಪುತಳಾಬಾಯಿಗೆ ತವರಿನಿಂದ ಕಮಲಾಪುರದಲ್ಲಿ ಒಂದು ಕೆಂಪು ಬಾಳೆಯ ತೋಟ ಬಂದಿತ್ತು. ಅವಳ ತಮ್ಮ ಮಹಾದೇವಪ್ಪ ಅದನ್ನು ನೋಡಿಕೊಳ್ಳುತ್ತಿದ್ದ. ಕಾಡುಹಂದಿಗಳು ಬಾಳೆಯ ಬುಡ ಅಗೆದು ಹಾಳು ಮಾಡುತ್ತಿದ್ದವು. ಹಬ್ಬದ ದಿನ ಕಮಲಾಪುರದಲ್ಲಿ ಬೀಗರೆಲ್ಲ ಸಾಲಾಗಿ ಕೂತು ಇದನ್ನೇ ಮಾತಾಡುತ್ತಿದ್ದಾಗ, ನಾಲ್ಕನೇ ಹೋಳಿಗೆಯ ಧೈರ್ಯದಲ್ಲಿ ಕಾಶಿರಾಯ ಎಂದುಬಿಟ್ಟ: "ಒಂದು ಪಿಸ್ತೂಲ್ ತರ್ತೀನಿ. ಒಂದು ಹಂದಿ ಉಳಿಯಂಗಿಲ್ಲ."

"ಹಲ್ಲಿ ಕಂಡ್ರ ಮಂಚ ಏರೋರು," ಎಂದಳು ಪುತಳಾಬಾಯಿ ತುಪ್ಪ ಬಡಿಸುತ್ತ, "ಹಂದಿ ಹೊಡೀತಾರಂತ."

ಅತ್ತೆ ದುಂಡಮ್ಮ ನಕ್ಕ ರಭಸಕ್ಕೆ ಮಜ್ಜಿಗೆ ಅವರ ಮೂಗಿನಿಂದ ಹೊರಬಂತು. ಅತ್ತೆಯ ಮೂಗಿನಿಂದ ಮಜ್ಜಿಗೆ ಬರಿಸಿದ ಅಳಿಯನಿಗೆ ಆ ಊರಲ್ಲಿ ಮತ್ತೆ ತಲೆ ಎತ್ತಲು ಪಿಸ್ತೂಲಲ್ಲದೆ ಬೇರೆ ದಾರಿ ಉಳಿಯಲಿಲ್ಲ.

ಅವನು ಯಾರಿಗೂ ಹೇಳದೆ ಲೈಸನ್ಸಿಗೆ ಅರ್ಜಿ ಹಾಕಿದ. ನೆಹರು ಗಂಜಿನ ಮಾರುಕಟ್ಟೆಯ ತೊಗರಿ ಅಡತಿ ಅಂಗಡಿಯಲ್ಲಿ ಅವನು ಗುಮಾಸ್ತ; ಊಟದ ಬಿಡುವಿನಲ್ಲಿ ಕಚೇರಿಗಳನ್ನು ಸುತ್ತಿದ. (ಅಷ್ಟು ದಿನ ಅವನ ಬುತ್ತಿಯ ರೊಟ್ಟಿಯನ್ನು ಗಂಜಿನ ದನಗಳು ತಿಂದವು.) ಕೊನೆಗೆ ಲೈಸನ್ಸು ಸಿಕ್ಕಿತು, ಒಂದು ಷರತ್ತಿನ ಮೇಲೆ: ದಸರೆಯ ದಿನದ ಸಂಜೆಯೊಳಗೆ ಹತಿಯಾರ ಕೊಳ್ಳದಿದ್ದರೆ ಅದು ರದ್ದು.

ಹತಿಯಾರದ ಅಂಗಡಿಯಲ್ಲಿ ಚಾಂದಪಾಶಾ ಗಾಜಿನ ಪೆಟ್ಟಿಗೆಯಿಂದ ಒಂದನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟ. ಮೇಜು ನರಳಿತು. ಮೊಳಕ್ಕೆ ಎರಡು ಬೆರಳು ಕಡಿಮೆ ಇದ್ದ ರಿವಾಲ್ವರು ಅದು. ಅದರ ನಳಿಗೆಯ ಬಾಯಿ ಮಾತ್ರ ಕಣ್ಣು ಕಿರಿದು ಮಾಡಿ ಹುಡುಕುವಷ್ಟು ಸಣ್ಣದಿತ್ತು.

"ಯಾರೋ ಶೋಕೀನ್ ನವಾಬರು ಹೇಳಿ ಮಾಡಿಸಿದ್ದು, ಕಾಕಾ. ಬಾಡಿ ಭಾರಿ, ಬೋರ್ ಸಣ್ಣದು. ಬಾವೀಸ್ ಬೋರ್. ಬಾವೀಸ್ ಅಂದ್ರ ಇಪ್ಪತ್ತೆರಡು, ಬೋರಿನ ನಂಬರು. ಕಾರತೂಸು ಸಸ್ತಾ. ಗುಂಡಿನ ಕೇಸಿಂಗ್ ಹಿತ್ತಾಳಿದು, ಚಮಕ್ ನೋಡ್ರಿ."

ಕಾಶಿರಾಯ ಗುಂಡನ್ನು ಬೆರಳ ನಡುವೆ ಹಿಡಿದು ವೃತ್ತಿಯ ಅಭ್ಯಾಸದಂತೆ ಉರುಳಿಸಿದ. ತೊಗರಿ ಕಾಳಿನ ಗಾತ್ರ. ಅದೂ ಮೊದಲ ದರ್ಜೆಯ ತೊಗರಿಯಲ್ಲ.

"ಇಷ್ಟು ದೊಡ್ಡ ಪಿಸ್ತೂಲಿನಿಂದ ಇಷ್ಟ ಸಣ್ಣ ಗುಂಡು? ಹಂದಿಗಿ ತುರಿಕಿ ಸೈತ ಆಗಂಗಿಲ್ಲಲ್ಲೋ."

"ಹಂದಿಗಿ ಗುಂಡು ಎಲ್ಲಿ ಕಾಣ್ತದ ಕಾಕಾ? ಪಿಸ್ತೂಲ್ ಕಾಣ್ತದ."

ಈ ತರ್ಕ ಕಾಶಿರಾಯನಿಗೆ ಒಪ್ಪಿಗೆಯಾಯಿತು. ಹಾಗಂತ ಕೊಳ್ಳುವ ನಿರ್ಧಾರವಾಗಲಿಲ್ಲ. ವಾರವಿಡೀ ಅವನು ತೂಗಿ ನೋಡಿದ. ಕೊಂಡರೆ ಹೆಂಡತಿಯ ಭಯ. ಕೊಳ್ಳದಿದ್ದರೆ ಮಜ್ಜಿಗೆಯ ನೆನಪು. ಕಡೆಗೆ ಅವನ ಸಂಕಟ ನೋಡಲಾರದೆ ಚಾಂದಪಾಶಾನೇ ಉಪಾಯ ಹೇಳಿಕೊಟ್ಟ. "ಕಾಕಿ ಮುಂದ ಪಿಸ್ತೂಲ್ ಅನಬ್ಯಾಡ್ರಿ. ಹೆಣ್ಣಮಕ್ಕಳು ಅಂಜತಾರ. ಬೋರ್ ಅನ್ರಿ. ಕೇಳಾಕ ಮೆತ್ತಗ ಇರ್ತದ."

ಆ ಸಂಜೆ ಪುತಳಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಕಾಶಿರಾಯ ಅಡುಗೆಮನೆಯ ಹೊಸ್ತಿಲಾಚೆಗೇ ನಿಂತು, ಓಡಲು ಅನುಕೂಲವಾಗುವಂತೆ ಒಂದು ಕಾಲು ಹಿಂದಿಟ್ಟು, ಹೇಳಿದ:

"ಕಮಲಾಪುರದ ತ್ವಾಟಕ್ಕ ಒಂದು ಬೋರ್ ತಗೋಬೇಕಂತ ಮಾಡೀನಿ."

ರೊಟ್ಟಿಯ ಸಪ್ಪಳ ನಿಂತಿತು.

"ಏನಂದ್ರಿ?"

"ಬೋರ್. ಬಾವೀಸ್ ಬೋರ್."

"ಅಯ್ಯ, ಬಾವೀಸ ಯಾಕ್ರೀ? ಒಂದ ಆದ್ರ ಸಾಕು!"

"ಒಂದ. ಬಾವೀಸ್ ಅಂದ್ರ ಅದರ ಸೈಜು. ಸಣ್ಣ ಬೋರ್."

"ಸಣ್ಣದು ಸಾಲ್ತದೇನ್ರಿ?"

"ನಮ್ಮ ಕೆಲಸಕ್ಕ ಧಾರಾಳ. ಮ್ಯಾಲ ನೋಡಾಕ ಭಾರಿ ದೊಡ್ಡದದ."

"ಎಷ್ಟು ಫೂಟ್ ಹೋಗ್ತದಂತ?"

"ನೂರೈವತ್ತು ಗ್ಯಾರಂಟಿ ಅಂದಾನ. ಮುಂದ ನಮ್ಮ ನಸೀಬ."

"ಕೇಸಿಂಗ್?"

ಕಾಶಿರಾಯ ಹಿಂದಿಟ್ಟ ಕಾಲನ್ನು ಮುಂದಕ್ಕೆ ತಂದ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಕಾರತೂಸಿನ ಕೇಸಿಂಗೂ ಗೊತ್ತಿದೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

"ಹಿತ್ತಾಳಿದು," ಎಂದ.

"ಹಿತ್ತಾಳಿ ಕೇಸಿಂಗ್!" ಪುತಳಾಬಾಯಿ ಹಿಟ್ಟಿನ ಕೈಯನ್ನು ಎದೆಗೊತ್ತಿಕೊಂಡಳು. "ಊರಾಗ ಎಲ್ಲಾರೂ ಪ್ಲಾಸ್ಟಿಕಿಂದ ಹಾಕಸ್ಯಾರ. ನಾ ಎಷ್ಟು ವರ್ಷದಿಂದ ಬಡಕೊಂಡೀನ್ರಿ, ನಿಮ್ಮ ಕಿವಿಗಿ ಬಿತ್ತಲ್ಲ ಕಡೀಗಿ!"

ಊರಿನವರು ಪ್ಲಾಸ್ಟಿಕಿನದನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ, ಏಕೆಂದರೆ ಆ ರಾತ್ರಿ ಅವನ ತಾಟಿನಲ್ಲಿ ಕೇಳದೆಯೇ ಬೆಣ್ಣೆ ಬಿತ್ತು.

ದಸರೆಯ ಹಿಂದಿನ ದಿನ, ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಗೇ ಮುಹೂರ್ತ ಎಂದಳು ಅವಳು. ಆಯುಧಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದು? ಅವ್ವ ಆರತಿ ಮಾಡುತ್ತಾಳೆ ಎಂದಳು. ಕಾಶಿರಾಯನಿಗೆ ರೋಮಾಂಚನವಾಯಿತು. ಮೊದಲು ತೋಟದಲ್ಲಿ ರೊಕ್ಕದ ಪೂಜೆಯಾಗಬೇಕು, ತನ್ನಿ ಎಂದಳು. ಅದೂ ಸರಿಯೇ. ಮೊದಲು ರೊಕ್ಕಕ್ಕೆ ಪೂಜೆ, ಮರುದಿನ ಖರೀದಿ. ಪೂಜೆಯ ಮುನ್ನಾದಿನ ಅವನು ಚಾಂದಪಾಶಾನಿಗೆ ಹೇಳಿ ಬಂದ: "ನಾಡಿದ್ದು ಅಂಗಡಿ ತಗಿಯೂದಕ್ಕ ಬಂದಿರ್ತೀನಿ. ಅದರ ಮ್ಯಾಲಿನ ಧೂಳ ಒರಸಿಡು."

ಕೂಡಿಟ್ಟ ರೊಕ್ಕವನ್ನು ಸೊಂಟಕ್ಕೆ ಕಟ್ಟಿಕೊಂಡು, ಲೈಸನ್ಸನ್ನು ಅಂಗಿಯ ಕಿಸೆಯಲ್ಲಿಟ್ಟು, ಅವನು ಹೆಂಡತಿಯೊಂದಿಗೆ ಕಮಲಾಪುರದ ಬಸ್ಸು ಹತ್ತಿದ. ತೋಟದ ತಿರುವಿನಲ್ಲಿ ಅವನ ಕಾಲುಗಳು ನಿಂತುಬಿಟ್ಟವು.

ಬಾಳೆಯ ನಡುವೆ, ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ ಕಬ್ಬಿಣದ ಕಂಬ ಎತ್ತಿಕೊಂಡು, ಕೊಳವೆಬಾವಿ ಕೊರೆಯುವ ಲಾರಿಯೊಂದು ನಿಂತಿತ್ತು. ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದರು. ಮಹಾದೇವಪ್ಪ ಇನ್ನೊಂದು ಮಾಲೆ ಹಿಡಿದು ಓಡಿಬಂದು ಭಾವನ ಕೊರಳಿಗೆ ಹಾಕಿದ.

"ಭಾವಾರ, ನೀವು ಸಣ್ಣ ಬೋರ್ ಅಂದಿದ್ರಂತಲ್ಲ. ಸಣ್ಣ ಗಾಡಿ ಸಿಗಲಿಲ್ರಿ. ಗಾಡಿ ದೊಡ್ಡದದ, ಬೋರ್ ಸಣ್ಣದ ಹೊಡಿಯೂದು."

ಲಾರಿಯ ಮಾಲೀಕ ಖಾಜಾ ಹತ್ತಿರ ಬಂದು ಗೌರವದಿಂದ ಕೇಳಿದ: "ಸಾಹೇಬ್ರ, ಅದು ಹಿತ್ತಾಳಿ ಕೇಸಿಂಗ್ ಎಲ್ಲಿ ಸಿಗ್ತದ್ರಿ? ಈ ಲೈನಿನ್ಯಾಗ ಯಾರೂ ನೋಡಿಲ್ರಿ."

ಕಾಶಿರಾಯನಿಗೆ ಈಗ ಎಲ್ಲವೂ ಅರ್ಥವಾಯಿತು. ಬೆಣ್ಣೆಯೂ ಅರ್ಥವಾಯಿತು. ದುಂಡಮ್ಮ ಆರತಿ ಎತ್ತಿದರು. ಖಾಜಾ ಮಷೀನು ಚಾಲೂ ಮಾಡಿದ. ನೆಲ ನಡುಗಿತು. ಆ ಗದ್ದಲದಲ್ಲಿ ಕಾಶಿರಾಯ ತನ್ನಲ್ಲಿದ್ದ ಅಷ್ಟೂ ಗಂಡಸುತನವನ್ನು ಒಟ್ಟುಗೂಡಿಸಿ ಹೆಂಡತಿಯ ಕಿವಿಗೆ ಕೂಗಿದ:

"ನಾ ಹೇಳಿದ್ದು ಈ ಬೋರ್ ಅಲ್ಲ!"

ಅದೇ ಕ್ಷಣಕ್ಕೆ, ಪೈಪು ಜೋಡಿಸಲೆಂದು, ಮಷೀನು ನಿಂತಿತು. ಇಡೀ ತೋಟ ಅವನತ್ತ ತಿರುಗಿತು.

"ಏನಂದ್ರಿ?" ಎಂದಳು ಪುತಳಾಬಾಯಿ. ಅವಳ ಕಣ್ಣಲ್ಲಿ ನೀರಿತ್ತು. ಮದುವೆಯಾದಾಗಿನಿಂದ ಗಂಡನನ್ನು ಅವಳು ಹೀಗೆ ನೋಡಿದ್ದು ಇದೇ ಮೊದಲು.

"ಏನಿಲ್ಲ," ಎಂದ ಕಾಶಿರಾಯ. "ನೀರು ಬರ್ಲಿ ಅಂದೆ."

ನೀರು ಬಂತು. (ಬರದಿದ್ದರೆ ಬೈಯಲು ಒಂದು ನೆಪವಾದರೂ ಸಿಗುತ್ತಿತ್ತು; ದೇವರು ಅದನ್ನೂ ಕೊಡಲಿಲ್ಲ.) ಲಾರಿಯ ಗಾತ್ರ ನೋಡಿದರೆ ನದಿಯೇ ಬರಬೇಕಿತ್ತು. ಬಂದದ್ದು ಮಣಿಕಟ್ಟಿನ ದಪ್ಪದ ಧಾರೆ. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಪುತಳಾಬಾಯಿ ಕೈ ಚಾಚಿದಳು. ಸೊಂಟದ ಗಂಟು ಬಿಚ್ಚಿತು; ರೊಕ್ಕ ಖಾಜಾನ ಕೈ ಸೇರಿತು. ಲಾರಿ ಹೋಯಿತು. ಕೊರಳಲ್ಲಿ ಮಾಲೆ ಉಳಿಯಿತು.

"ಬೇಷಾತ್ರಿ ಭಾವಾರ," ಎಂದ ಮಹಾದೇವಪ್ಪ ಕೆಸರಿನ ಹೊಂಡ ನೋಡುತ್ತ. "ಆದ್ರ ಇನ್ನ ಹಂದಿಗೋಳು ದುಪ್ಪಟ್ಟು ಬರ್ತಾವ. ನೀರಿನ ವಾಸನಿ ಹತ್ತಿತಂದ್ರ ಬಿಡಂಗಿಲ್ಲ. ಒಂದು ಪಿಸ್ತೂಲ್ ಇದ್ದಿದ್ರ ಚೊಲೊ ಇತ್ತು. ಆದ್ರ ನಮ್ಮಂಥವ್ರಿಗಿ ಲೈಸನ್ಸ್ ಯಾರ್ ಕೊಡ್ತಾರ್ರಿ?"

ಕಾಶಿರಾಯನ ಕೈ ತಾನಾಗಿಯೇ ಅಂಗಿಯ ಕಿಸೆಯ ಮೇಲೆ ಹೋಯಿತು. ಅಲ್ಲೇ ಇತ್ತು, ನಾಳೆ ಸಂಜೆಯವರೆಗೆ.

"ಪಿಸ್ತೂಲ್ ಯಾಕ?" ಎಂದಳು ಪುತಳಾಬಾಯಿ. ಗುಡಿಸಲಿನಿಂದ ಖಾಲಿ ಎಣ್ಣೆ ಡಬ್ಬಿಯೊಂದನ್ನೂ ಒಂದು ಕಟ್ಟಿಗೆಯನ್ನೂ ತಂದು, ಬಹಳ ದಿನಗಳ ಮೇಲೆ ಹುಟ್ಟಿದ ಪ್ರೀತಿಯಿಂದ ಗಂಡನ ಕೈಗಿಟ್ಟಳು. "ಇದನ್ನ ಬಡೀರಿ. ಸಪ್ಪಳ ಭಾರಿ, ಗುಂಡಿನ ಖರ್ಚಿಲ್ಲ. ತ್ವಾಟದ ಯಜಮಾನರು ನೀವಲ್ಲ ಈಗ? ಅಲ್ಲಿ ನಿಂದರ್ರಿ."

ಹೊತ್ತು ಮುಳುಗುತ್ತಿತ್ತು. ಮನೆಯವರೆಲ್ಲ ಗುಡಿಸಲ ಮುಂದೆ ಕೂತು ಚಹಾ ಕುಡಿಯುತ್ತಿದ್ದರು. ಕೊರಳಲ್ಲಿ ಚೆಂಡುಹೂ, ಕೈಯಲ್ಲಿ ಡಬ್ಬಿ ಹಿಡಿದು ಕಾಶಿರಾಯ ಹೊಸ ಕೆಸರಿನ ಪಕ್ಕ ನಿಂತಿದ್ದ. ಬಾಳೆಯ ಸಾಲು ಅಲುಗಿತು. ಕರುವಿನಷ್ಟು ದೊಡ್ಡದೊಂದು ಹಂದಿ ಹೊರಬಂದು, ಡಬ್ಬಿಯನ್ನು ನೋಡಿತು, ಅವನನ್ನು ನೋಡಿತು, ನಂತರ ನಿಶ್ಚಿಂತೆಯಿಂದ ಕೆಸರಿಗಿಳಿದು ಮಗ್ಗುಲಾಯಿತು.

ಡಬ್ಬಿ ಎಲ್ಲಿ ಬಿತ್ತೋ ಅವನಿಗೆ ನೆನಪಿಲ್ಲ. ಹಳೆಯ ಬಾವಿಯ ಕಟ್ಟೆಯನ್ನು ಯಾವಾಗ ಏರಿದನೋ ಅದೂ ನೆನಪಿಲ್ಲ. ಅಲ್ಲಿ ತುದಿಗಾಲಲ್ಲಿ ನಿಂತು, ಪಂಚೆ ಮೇಲೆತ್ತಿ ಹಿಡಿದು, ಜೀವ ಬಾಯಿಗೆ ಬಂದಂತೆ ಅವನು ಕೂಗಿದ:

"ಹಂದಿ ಬಂತು!"

ಎಲ್ಲರೂ ತಕ್ಷಣ ನಂಬಿದರು. ದುಂಡಮ್ಮನ ಮೂಗಿನಿಂದ ಈ ಸಲ ಚಹಾ ಬಂತು.