ಇಳಿಯೋ ಸ್ಟಾಪು ಮರೆತ ಇಂಗ್ಲಿಷ್ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರ ಸುತ್ತ ಏನಾದರೊಂದು ಆಗುತ್ತಲೇ ಇರುತ್ತಿತ್ತು. ಅವರಾಗಿ ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ನಿಂತಿರುತ್ತಿದ್ದರು, ಅದರ ಪಾಡಿಗೆ ಅದು ಆಗುತ್ತಿತ್ತು.

ಹೋದ ತಿಂಗಳು ತೀರಿಕೊಂಡರು. ಹನ್ನೊಂದನೇ ದಿನ ಮಂಡ್ಯದ ಅವರ ಮನೆಯ ಹಜಾರದಲ್ಲಿ ಹಳೇ ವಿದ್ಯಾರ್ಥಿಗಳೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಯಾರೋ ಒಬ್ಬರು ಏನೋ ನೆನೆದು ಮೆಲ್ಲಗೆ ನಕ್ಕರು. ಪಕ್ಕದವರಿಗೆ ಇನ್ನೊಂದು ನೆನಪಾಯಿತು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ನನಗೂ ಹೇಳ್ರಪ್ಪ, ನಾನೂ ನಕ್ಕು ಹನ್ನೊಂದು ದಿನ ಆಯ್ತು" ಎಂದು ನಮ್ಮ ನಡುವೆ ಕೂತುಬಿಟ್ಟರು.

ಈಗ ಮದ್ದೂರಿನಲ್ಲಿ ನಾನೂ ಇಂಗ್ಲಿಷ್ ಪಾಠ ಮಾಡುತ್ತೇನೆ. ಊಟವಾದ ಮೇಲಿನ ಪಿರಿಯಡ್ಡಿನಲ್ಲಿ ಅರ್ಧ ಕ್ಲಾಸು ತೂಕಡಿಸುತ್ತಿರುತ್ತದೆ. ಕಿಟಕಿಯಾಚೆ ತೆಂಗಿನ ಗರಿ ನಿಧಾನಕ್ಕೆ ಆಡುತ್ತಿರುತ್ತದೆ. ಆಗ ಅವರು ಬಾಗಿಲ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಾರೇನೋ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ನೆನಪಿಗೆ ಬಂದವನ್ನು ಬಂದ ಹಾಗೆ ಬರೆದಿಟ್ಟಿದ್ದೇನೆ.

ಅರ್ಧ ವಾಕ್ಯ

ನಾನು ಓದಿದ್ದು ಮಳವಳ್ಳಿಯ ಕಾಲೇಜಿನಲ್ಲಿ. ಕಿರುಗಾವಲಿನ ಹತ್ತಿರದ ನಮ್ಮೂರಿಂದ ಬಸ್ಸು. ಮೇಷ್ಟ್ರು ಮಂಡ್ಯದಿಂದ ಬರುತ್ತಿದ್ದರು. ನಮ್ಮ ಕ್ಲಾಸಿನ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಪಾಠ ಮಾಡುತ್ತಾ ಮಾಡುತ್ತಾ ಅವರ ಕಣ್ಣು ಕೆರೆ ಕಡೆ ಹೋಗುತ್ತಿತ್ತು, ಕಣ್ಣಿನ ಹಿಂದೆ ಅವರೂ ಹೋಗಿಬಿಡುತ್ತಿದ್ದರು.

ಒಂದು ದಿನ ಯಾವುದೋ ಪದ್ಯ ವಿವರಿಸುತ್ತಾ, "ಮನುಷ್ಯನಿಗೆ ದುಃಖ ಬಂದಾಗ ಅವನು ಮೊದಲು..." ಎಂದವರು ನಿಂತರು. ಕೆರೆಯಿಂದ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದಿದ್ದವು. ನಾವು ಪೆನ್ನು ಹಿಡಿದು ಕಾದೆವು. ಯಾರೂ ಕೆಮ್ಮಲಿಲ್ಲ. ಬೆಲ್ಲು ಹೊಡೆಯಿತು. ಮೇಷ್ಟ್ರು ಹಾಜರಿ ಪುಸ್ತಕ ತೆಗೆದುಕೊಂಡು ಹೊರಟುಹೋದರು.

ಮಾರನೇ ದಿನ ಬಂದರು, ಬೋರ್ಡು ಒರೆಸಿದರು, ನಮ್ಮ ಕಡೆ ತಿರುಗಿ, "ತನ್ನ ಊರಿನ ದಾರಿ ಹುಡುಕುತ್ತಾನೆ" ಎಂದು ಮುಂದುವರಿಸಿದರು.

ಮೊದಲನೇ ದಿನ ಬಂದಿದ್ದ ಒಬ್ಬ ಹುಡುಗಿ ಎರಡನೇ ದಿನ ಬಂದಿರಲಿಲ್ಲ. ಮೊದಲನೇ ದಿನ ಬಾರದ ಒಬ್ಬ ಹುಡುಗ ಎರಡನೇ ದಿನ ಬಂದಿದ್ದ. ವಾಕ್ಯದ ಮುಂಭಾಗ ಅವಳ ನೋಟ್ಸಿನಲ್ಲಿ, ಹಿಂಭಾಗ ಇವನ ನೋಟ್ಸಿನಲ್ಲಿ. ಇಬ್ಬರೂ ನೋಟ್ಸು ಬದಲಾಯಿಸಿಕೊಂಡರು. ಆ ಬದಲಾವಣೆ ಪರೀಕ್ಷೆ ಮುಗಿದ ಮೇಲೂ ನಿಲ್ಲಲಿಲ್ಲ. ನಾಲ್ಕು ವರ್ಷ ಕಳೆದು ಇಬ್ಬರೂ ಮದುವೆ ಕಾರ್ಡು ಹಿಡಿದು ಮೇಷ್ಟ್ರ ಮನೆಗೆ ಬಂದರು.

ಕಥೆ ಕೇಳಿ ಮೇಷ್ಟ್ರಿಗೆ ಕುತೂಹಲವಾಯಿತು. "ಯಾವುದಮ್ಮ ಅದು, ನಾನು ಹೇಳಿದ ವಾಕ್ಯ?"

ಹುಡುಗಿ ಕಣ್ಣು ಮುಚ್ಚಿಕೊಂಡು ಒಪ್ಪಿಸಿದಳು: "ಮನುಷ್ಯನಿಗೆ ದುಃಖ ಬಂದಾಗ ಅವನು ಮೊದಲು..."

ಉಳಿದರ್ಧ ಹುಡುಗನಿಗೆ ಮರೆತೇ ಹೋಗಿತ್ತು. ಗಂಟಲು ಸರಿಮಾಡಿಕೊಂಡು, "ಮದ್ವೆ ಆಯ್ತನೆ ಸಾ" ಎಂದ.

ಮೇಷ್ಟ್ರು ತುಸು ಯೋಚಿಸಿ ಹೇಳಿದರು: "ನಾನು ಹೇಳಿದ್ದಕ್ಕಿಂತ ಇದೇ ಚೆನ್ನಾಗಿದೆ. ಇಬ್ರೂ ಹೀಗೇ ಬರ್ಕೊಳ್ಳಿ."

ಬಾಣಂತಿ

ರಜಾ ಅರ್ಜಿ ಇಂಗ್ಲಿಷಿನಲ್ಲೇ ಬರೆಯಬೇಕು ಅನ್ನುವುದು ಮೇಷ್ಟ್ರ ಒಂದೇ ಒಂದು ಕಟ್ಟುನಿಟ್ಟು. ತಪ್ಪಿದ್ದರೂ ಚಿಂತೆಯಿಲ್ಲ, ಇಂಗ್ಲಿಷಿರಬೇಕು.

ನಮ್ಮ ಕ್ಲಾಸಿನ ಒಬ್ಬನ ಮನೆಯಲ್ಲಿ ಹಸು ಕರು ಹಾಕಿತು. ಅವನ ತಾಯಿ ಊರಲ್ಲಿರಲಿಲ್ಲ. ಇವನೇ ನೋಡಿಕೊಳ್ಳಬೇಕಿತ್ತು. ಗೆಳೆಯನ ಕೈಲಿ ಅರ್ಜಿ ಕಳಿಸಿದ: "ರೆಸ್ಪೆಕ್ಟೆಡ್ ಸರ್, ಐ ಡೆಲಿವರ್ಡ್ ಎ ಕಾಫ್ ದಿಸ್ ಮಾರ್ನಿಂಗ್. ಕೈಂಡ್ಲಿ ಗ್ರಾಂಟ್ ಮಿ ಒನ್ ಡೇ ಲೀವ್." ಅವಸರದಲ್ಲಿ ಹಸುವೇ ಬಿಟ್ಟುಹೋಗಿತ್ತು. ಅರ್ಜಿಯ ಪ್ರಕಾರ ಬೆಳಿಗ್ಗೆ ಕರು ಹೆತ್ತವನು ಅವನೇ.

ಮೇಷ್ಟ್ರು ಓದಿದರು. ನಗಲಿಲ್ಲ. 'ಒಂದು ದಿನ' ಹೊಡೆದುಹಾಕಿ 'ಮೂರು ದಿನ' ಎಂದು ತಿದ್ದಿ ಸಹಿ ಮಾಡಿ, "ಹೆರಿಗೆ ಆದವರಿಗೆ ಒಂದು ದಿನ ಸಾಲಲ್ಲ, ರೆಸ್ಟು ತಗೊಳ್ಳೋಕೆ ಹೇಳು" ಎಂದು ಆ ಗೆಳೆಯನಿಗೆ ಹೇಳಿದರು. ಅರ್ಜಿ ಅವನಿಂದ ನಮ್ಮೆಲ್ಲರ ಕೈಗೂ ಬಂದು ಮತ್ತೆ ಮೇಷ್ಟ್ರ ಮೇಜು ಸೇರಿತು.

ನಾಲ್ಕನೇ ದಿನ ಆತ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ತಂದು ಮೇಜಿನ ಮೇಲಿಟ್ಟ. ಮೇಷ್ಟ್ರು ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು: "ಬಾಣಂತಿ ಆರೋಗ್ಯವಾಗಿದ್ದಾರೇನಪ್ಪ?"

"ಚೆನ್ನಾಗವ್ಳೆ ಸಾ. ಇವತ್ತಿಂದ ಮೇಯಕ್ಕೆ ಬುಟ್ಟಿದ್ದೀವಿ."

ಹುಡುಗಿಯರ ಬೆಂಚಿನವರೆಲ್ಲ ಡೆಸ್ಕಿನ ಕೆಳಗೆ ಹೋದೆವು. ಮೇಷ್ಟ್ರು ಆ ಅರ್ಜಿಯನ್ನೇ ಅವನ ಕೈಗೆ ಕೊಟ್ಟು, "ಇದರಲ್ಲಿ ಒಂದು ತಪ್ಪಿದೆ, ಹುಡುಕು ನೋಡೋಣ" ಎಂದರು. ಅವನು ಮೂರು ಸಲ ಓದಿದ. ಕೊನೆಗೆ ಅವನ ಮುಖ ಅರಳಿತು.

"ಮಾರ್ನಿಂಗ್ ಅಲ್ಲ ಸಾ. ಕರ ಹಾಕ್ದಾಗ ಇನ್ನೂ ಕೋಳಿ ಕೂಗಿರ್ನಿಲ್ಲ."

ಕೇಳದೇ ಹೋದ ಮಾತು

ಎರಡನೇ ವರ್ಷದ ದೀಪಾವಳಿಗೆ ನಮ್ಮಪ್ಪ ನನ್ನ ಓದು ಬಿಡಿಸಲು ತೀರ್ಮಾನಿಸಿದರು. ಮದ್ದೂರು ಕಡೆಯ ಗಂಡು ಬಂದು ನೋಡಿಕೊಂಡೂ ಹೋಗಿದ್ದ. ಅಪ್ಪ ಒಂದು ಸಲ 'ಆಗಲ್ಲ' ಅಂದರೆ ಊರು ಪೂರ್ತಿ ಬಂದು ಕೂತರೂ ಆಗುತ್ತಿರಲಿಲ್ಲ. ಕಾಲೇಜಿಗೆ ಹೋಗಿ ಮೇಷ್ಟ್ರ ಮುಂದೆ ಅತ್ತೆ. ಅವರು ತುಂಬ ಹೊತ್ತು ಕಿಟಕಿ ಕಡೆ ನೋಡಿ, "ಭಾನುವಾರ ಬರ್ತೀನಿ. ನಿಮ್ಮ ತಂದೆ ಹತ್ರ ನಾನು ಮಾತಾಡ್ತೀನಿ" ಎಂದರು.

ಹೇಳಿದ ಹಾಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಛತ್ರಿ. ನಾನು ಬಾಗಿಲ ಹಿಂದೆ ನಿಂತೆ. ಅಪ್ಪ ಎದೆ ಮೇಲೆ ಕೈ ಕಟ್ಟಿ ಕೂತಿದ್ದರು. ಅವರ ತುಟಿ ಮೇಲೆ 'ಆಗಲ್ಲ' ಆಗಲೇ ಬಂದು ನಿಂತಿತ್ತು.

ಮೇಷ್ಟ್ರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ಇದೇನು ವಾಸನೆ, ಗಾಳೀಲಿ?" ಎಂದು ಕೇಳಿದರು.

"ಬತ್ತ ಹೂ ಕಟ್ಟದೆ ಅಲ್ವ್ರಾ, ಅದ್ರುದು."

"ಭತ್ತಕ್ಕೂ ಹೂವಿನ ವಾಸನೆ ಇರುತ್ತಾ? ನೋಡಬಹುದಾ?"

ಇಬ್ಬರೂ ಗದ್ದೆಗೆ ಹೋದರು. ದೂರದಿಂದ ನೋಡುತ್ತಲೇ ಇದ್ದೆ. ನಾಲೆ ಏರಿಯ ಮೇಲೆ ಕೂತು ಇಬ್ಬರೂ ನೀರಿಗೆ ಕಾಲು ಇಳಿಬಿಟ್ಟಿದ್ದರು. ಮೇಷ್ಟ್ರ ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ಅಪ್ಪ ತಮ್ಮ ತಾತ ಬೆಳೆಯುತ್ತಿದ್ದ ಭತ್ತದ ತಳಿಗಳ ಹೆಸರು ಹೇಳುತ್ತಿದ್ದರು, ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಬಿಸಿಲು ಹಳದಿಯಾಯಿತು. ಸಂಜೆ ಬಸ್ಸಿನ ಹಾರ್ನು ಕೇಳಿ ಮೇಷ್ಟ್ರು ಗಡಬಡಿಸಿ ಎದ್ದರು. ಅಪ್ಪ ಕೊಟ್ಟ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದರು, ಕಿಟಕಿಯಿಂದ ಕೈ ಬೀಸಿದರು, ಹೋದರು.

ಅಪ್ಪ ಕೈಕಾಲು ತೊಳೆದು ಬಂದು ಕೇಳಿದರು. "ಅಲ್ಲ ಕಣವ್ವ, ಆ ಮೇಷ್ಟ್ರು ಬಂದಿದ್ದು ಯಾತಕ್ಕೆ?"

ನನಗೆ ಅಳು ಬಂತು. "ನನ್ನ ಓದು ಬುಡಿಸ್ಬೇಡಿ ಅಂತ ಕೇಳಕೆ."

"ಅದೊಂದ್ ಬುಟ್ಟು ಮಿಕ್ಕಿದ್ದೆಲ್ಲ ಕೇಳುದ್ರು."

"ಮರ್ತೋಗವ್ರೆ ಕಣಪ್ಪ."

ಅಪ್ಪ ಕಂಬಕ್ಕೆ ಒರಗಿ ಕೂತರು. ಆಮೇಲೆ ಅಮ್ಮನ ಕಡೆ ತಿರುಗಿ, "ಕೇಳುದ್ರೆ ಆಗಲ್ಲ ಅನ್ನಕೆ ಬೆಳಿಗ್ಗಿಂದ ರೆಡಿಯಾಗಿ ಕೂತಿದ್ದೆ. ಕೇಳ್ನೇ ಇಲ್ಲ ಅಂದ್ಮೇಲೆ ಯಾವುದಕ್ಕೆ ಆಗಲ್ಲ ಅನ್ನನ?" ಎಂದರು.

"ಹಂಗಾರೆ ಏನ್ ಮಾಡದು?" ಎಂದಳು ಅಮ್ಮ.

"ಅಷ್ಟ್ ದೂರದಿಂದ ಬಂದವ್ರೆ. ಅವ್ರು ಇನ್ನೊಂದ್ಸಲ ಬಂದು ಕೇಳಗಂಟ ಓದ್ಕಳ್ಳಿ ಬುಡು. ಕೇಳ್ದಾಗ ಆಗಲ್ಲ ಅಂತೀನಿ."

ಗಂಡಿನ ಕಡೆಯವರಿಗೂ ಇದೇ ಉತ್ತರ ಹೋಯಿತು: ಮೇಷ್ಟ್ರು ಇನ್ನೂ ಕೇಳಿಲ್ಲ. ಅವರಿಗೆ ಏನೂ ಅರ್ಥವಾಗದೆ ಬೇರೆ ಹುಡುಗಿ ನೋಡಿಕೊಂಡರು. ನಾನು ಬಿಎ ಮುಗಿಸಿದೆ. ಎಂಎ ಮುಗಿಸಿದೆ. ಪ್ರತಿ ಸುಗ್ಗಿಗೂ ಅಪ್ಪ ಮೇಷ್ಟ್ರ ಮನೆಗೆ ಹೊಸ ಅಕ್ಕಿ ಕಳಿಸುತ್ತಿದ್ದರು. ನಾನು ಕೊಟ್ಟು ಬಂದ ಕೂಡಲೇ ವಿಚಾರಿಸುತ್ತಿದ್ದರು. "ಏನಾರ ಕೇಳುದ್ರ?"

"ಇಲ್ಲ ಕಣಪ್ಪ."

"ಸರಿ, ಓದ್ಕೊ."

ಕೆಲಸ ಸಿಕ್ಕ ಮೇಲೆ ಒಂದು ದಿನ ಧೈರ್ಯ ಮಾಡಿ ಮೇಷ್ಟ್ರನ್ನೇ ಕೇಳಿದೆ. "ಸರ್, ಅವತ್ತು ನಿಜವಾಗಿ ಮರೆತಿದ್ರಾ, ಇಲ್ಲ ಬೇಕಂತಲೇ ಕೇಳಲಿಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮೂರಿಗೆ ನಾನು ಬಂದಿದ್ದು ಭತ್ತ ನೋಡೋಕಲ್ವೇನಮ್ಮ?"

ನಿಡಘಟ್ಟದ ಕ್ಲಾಸು

ಮುಂದೆ ಮೇಷ್ಟ್ರಿಗೆ ಮದ್ದೂರಿಗೆ ವರ್ಗವಾಯಿತು. ನನಗೆ ಕೆಲಸ ಸಿಕ್ಕಿದ್ದೂ ಅಲ್ಲೇ. ಅವರು ಮಂಡ್ಯದಲ್ಲಿ ಬಸ್ಸು ಹತ್ತಿ ಪುಸ್ತಕ ಬಿಚ್ಚಿದರೆ ಮದ್ದೂರು ಬಂದಿದ್ದು ತಿಳಿಯುತ್ತಿರಲಿಲ್ಲ. ಕಂಡಕ್ಟರುಗಳಿಗೆ ಅದು ಗೊತ್ತಿದ್ದರಿಂದ ಭುಜ ಮುಟ್ಟಿ ಇಳಿಸುತ್ತಿದ್ದರು.

ಒಂದು ದಿನ ಹೊಸ ಕಂಡಕ್ಟರು. ಮದ್ದೂರು ಹಿಂದಕ್ಕೆ ಹೋಯಿತು. ಮೇಷ್ಟ್ರು ತಲೆ ಎತ್ತಿದಾಗ ಬಸ್ಸು ನಿಡಘಟ್ಟದಲ್ಲಿತ್ತು.

ಅಲ್ಲಿನ ಟೀ ಅಂಗಡಿಯ ಬೆಂಚಿನ ಮೇಲೆ ನಮ್ಮ ಕಾಲೇಜಿನ ಏಳು ಹುಡುಗರು ಕೂತಿದ್ದರು. ಮೊದಲ ಪಿರಿಯಡ್ಡು ಇಂಗ್ಲಿಷ್ ಅಂತಲೇ ಚಕ್ಕರ್ ಹೊಡೆದವರು. ಒಬ್ಬ ಬಸ್ಸಿನ ಕಡೆ ನೋಡಿ, "ಲೇ, ಮೇಷ್ಟ್ರು ಕಣ್ಲಾ" ಎಂದನಂತೆ. "ಸುಮ್ಕಿರ್ಲಾ, ನಿಂಗೆ ಎಲ್ ನೋಡುದ್ರೂ ಅವ್ರೇ ಕಾಣದು" ಎಂದನಂತೆ ಇನ್ನೊಬ್ಬ.

ಮೇಷ್ಟ್ರು ಇಳಿದು ಊರನ್ನೊಮ್ಮೆ, ಹುಡುಗರನ್ನೊಮ್ಮೆ ನೋಡಿದರು. ಊರು ಬೇರೆ ಥರ ಕಂಡಿರಬೇಕು. ಆದರೆ ಹುಡುಗರು ತಮ್ಮವರೇ. ವಾಚು ನೋಡಿಕೊಂಡರು. "ಎಲ್ಲರೂ ಬಂದಿದ್ದೀರಲ್ಲ, ಶುರು ಮಾಡೋಣ" ಎಂದು ಅಲ್ಲೇ ನಿಂತು ಪಾಠ ಹೇಳಿದರು. ಟೀ ಅಂಗಡಿಯವರು ಒಲೆ ಸಣ್ಣ ಮಾಡಿಕೊಂಡು ಕೇಳಿದರಂತೆ. ಎಳನೀರಿನ ಗಾಡಿಯವನೊಬ್ಬ ಗಾಡಿ ನಿಲ್ಲಿಸಿಕೊಂಡು ಕೊನೆಯವರೆಗೂ ನಿಂತನಂತೆ.

ಮದ್ದೂರಿನಲ್ಲಿ ನಾನು ಮೇಷ್ಟ್ರಿಲ್ಲದ ಕ್ಲಾಸಿನ ಮುಂದೆ ಕಾಯುತ್ತಿದ್ದೆ. ಹನ್ನೊಂದು ಗಂಟೆಗೆ ಏಳು ಹುಡುಗರು ಮೇಷ್ಟ್ರನ್ನು ನಡುವೆ ಇಟ್ಟುಕೊಂಡು ಗೇಟಿನೊಳಗೆ ಬಂದರು. ಕಳೆದುಹೋದ ಕರು ಹಿಡಿದು ತಂದ ಹಾಗಿತ್ತು. ಅವರಲ್ಲೊಬ್ಬ ನನ್ನ ಹತ್ತಿರ ಬಂದು ದುಃಖ ತೋಡಿಕೊಂಡ.

"ಚಕ್ಕರ್ ಹೊಡ್ಯಕೂ ಜಾಗ ಇಲ್ಲ ಮ್ಯಾಡಂ. ನಾವು ಹೋಗ್ನಿಲ್ಲ ಅಂದ್ರೆ ಕ್ಲಾಸೇ ಬಸ್ ಹತ್ಕೊಂಡ್ ಬತ್ತದೆ."

ಕೊನೆಯ ರಿಸಲ್ಟು

ನಿವೃತ್ತಿಯಾಗಿ ಹಲವು ವರ್ಷಗಳ ಮೇಲೆ ಮೇಷ್ಟ್ರಿಗೆ ಹುಷಾರು ತಪ್ಪಿತು. ಮಂಡ್ಯದ ಒಂದು ಆಸ್ಪತ್ರೆಗೆ ಸೇರಿಸಿದರು. ನಾನು ಕಾಲೇಜು ಮುಗಿಸಿ ದಿನಾ ಹೋಗುತ್ತಿದ್ದೆ. ಅವರು ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿ ಮಲಗಿರುತ್ತಿದ್ದರು. ಒಮ್ಮೊಮ್ಮೆ ಫ್ಯಾನಿನ ಕಡೆ ಬೆರಳು ತೋರಿಸಿ, "ಬೆಳ್ಳಕ್ಕಿ" ಅನ್ನುತ್ತಿದ್ದರು. ನಾನೂ ಮೇಲೆ ನೋಡುತ್ತಿದ್ದೆ.

ಒಂದು ಸಂಜೆ ಇಂಜೆಕ್ಷನ್ ಕೊಡಲು ಹೊಸ ಬ್ರದರ್ ಬಂದರು. ದಪ್ಪ ಮೀಸೆಯ, ಗಟ್ಟಿ ಕೈಯ ಮನುಷ್ಯ. ಮೇಷ್ಟ್ರ ಮುಖ ನೋಡಿ ನಿಂತೇಬಿಟ್ಟರು.

"ಸಾ, ಗುರ್ತು ಸಿಕ್ತಾ? ನಾನು ಮಳವಳ್ಳೀಲಿ ನಿಮ್ಮ ಸ್ಟೂಡೆಂಟು."

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. "ಯಾವ ಬೆಂಚು?"

"ಕೊನೇದು ಸಾ. ಮೂರ್ ಸಲ ಡುಮ್ಕಿ. ಮಿಕ್ಕಿದ್ದೆಲ್ಲ ಪಾಸು, ನಿಮ್ಮ ಇಂಗ್ಲಿಷೊಂದೇ. ಅದುಕ್ಕೇ ಡಿಗ್ರಿ ಬುಟ್ಟು ನರ್ಸಿಂಗ್ ಮಾಡ್ದೆ."

ಮೇಷ್ಟ್ರು ಆ ಕೈಯನ್ನೂ ಅದರಲ್ಲಿದ್ದ ಸೂಜಿಯನ್ನೂ ನೋಡಿದರು. "ಹಾಗಾದ್ರೆ ನನ್ನ ಮೇಲೆ ಕೋಪ ಇರಬೇಕಲ್ಲಪ್ಪ."

ಬ್ರದರ್ ಸಿರಿಂಜಿನ ಗಾಳಿ ತೆಗೆಯುತ್ತಾ ಹೇಳಿದರು. "ಚೂರೂ ಇಲ್ಲ ಸಾ. ಮಗ್ಲಾಗಿ."

ಮೇಷ್ಟ್ರು ಮಗ್ಗುಲಾದರು. ದಿಂಬಿನೊಳಗೆ ಮುಖ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾದರು. ನಾನೂ ಮುಚ್ಚಿಕೊಂಡೆ.

"ಆಯ್ತು ಸಾ."

"ಆಯ್ತಾ? ಗೊತ್ತೇ ಆಗಲಿಲ್ಲ." ಮೇಷ್ಟ್ರು ನಿಧಾನಕ್ಕೆ ತಿರುಗಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಕ್ಲಾಸಿನ ಕಳೆ ಬಂದಿತ್ತು. "ಪಾಸು ಕಣಪ್ಪ."

ಆ ದೊಡ್ಡ ಮನುಷ್ಯನ ಕಣ್ಣು ತುಂಬಿಕೊಂಡಿತು. ಆದರೂ ಕೊನೇ ಬೆಂಚಿನ ಬುದ್ಧಿ ಬಿಡಲಿಲ್ಲ. "ಎಷ್ಟ್ ಮಾರ್ಕ್ಸು ಸಾ?"

"ಮೂವತ್ತೈದು."

"ಬರೀ ಮೂವತ್ತೈದಾ ಸಾ?"

"ಕೈ ತಣ್ಣಗಿತ್ತು. ಅದಕ್ಕೆ ಕಳೆದೆ" ಎಂದು ಮೇಷ್ಟ್ರು ನಿದ್ದೆ ಹೋದರು.

ಅದಾಗಿ ಒಂಬತ್ತನೇ ದಿನ ಅವರು ನಿದ್ದೆಯಲ್ಲೇ ಹೋಗಿಬಿಟ್ಟರು.

ಮೊನ್ನೆ ಅವರ ಹಳೇ ರಿಪೋರ್ಟುಗಳನ್ನು ತರಲು ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನಲ್ಲಿ ಆ ಬ್ರದರ್ ಒಬ್ಬ ಅಜ್ಜಿಯ ಮಂಚದ ಪಕ್ಕ ನಿಂತು ಎರಡೂ ಅಂಗೈ ಗಸಗಸ ಉಜ್ಜಿಕೊಳ್ಳುತ್ತಿದ್ದರು. ಕೆನ್ನೆಗೆ ಒತ್ತಿ ಬಿಸಿ ನೋಡಿಕೊಂಡರು, ಸಾಲದೆ ಇನ್ನೊಂದಿಷ್ಟು ಉಜ್ಜಿದರು. ಆಮೇಲೆ ಸೂಜಿ ಎತ್ತಿಕೊಂಡರು. ಅಜ್ಜಿ ಮಾತಿನ ನಡುವೆಯೇ ಇದ್ದಳು, ಮಾತು ನಿಲ್ಲಿಸಲಿಲ್ಲ.

ನನ್ನನ್ನು ಕಂಡು ಹೊರಗೆ ಬಂದರು. ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾ ಕೇಳಿದರು.

"ಈಗ ಕೈ ಬೆಚ್ಚಗಿರ್ತದೆ ಮ್ಯಾಡಂ. ರೀವ್ಯಾಲ್ಯುಯೇಷನ್‌ಗೆ ಯಾರ್ ತವ ಹಾಕನ?"