ಕಾಲು ಕಾಣುವ ಗುರುಗಳು

ನನ್ನ ಭಾವಮೈದನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿಯನ್ನು ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಹಂಚಿದವನು ನಾನೇ. ಆ ಕೀರ್ತಿಯಲ್ಲಿ ಬೇರೆ ಯಾರಿಗೂ ಪಾಲಿಲ್ಲ! ಮದುವೆ ಮನೆ, ತಿಥಿ ಮನೆ, ಬಸ್ ಸ್ಟ್ಯಾಂಡು, ಕ್ಷೌರದಂಗಡಿ, ಎಲ್ಲಿ ಇಬ್ಬರು ಸಿಕ್ಕರೂ ಸಾಕು, "ನಮ್ ತಂಗಿ ಗಂಡನ ವಿಷಯ ಗೊತ್ತಾಯ್ತಾ?" ಎಂದು ಶುರು ಮಾಡುತ್ತಿದ್ದೆ. ಈಗ ವಯಸ್ಸಾಯಿತು. ಹಂಚಿದ್ದನ್ನು ವಾಪಸು ತರಲು ಅಷ್ಟೂ ಊರಿನ ಬಸ್ಸು ಹತ್ತುವ ಶಕ್ತಿಯಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆತ ಅರಕಲಗೂಡಿನಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ಮುಂದೆ ಮಿಲ್ಲು, ಹಿಂದೆ ಮನೆ. ಎರಡಕ್ಕೂ ಸೇರಿ ಒಂದೇ ಚಪ್ಪಡಿ ಕಲ್ಲಿನ ನೆಲ. ಹಿಟ್ಟು ಕೂತು ಕೂತು ಹುಬ್ಬೆಲ್ಲ ಬೆಳ್ಳಗಾಗಿದ್ದ ಮನುಷ್ಯ, ಐವತ್ತು ದಾಟಿದ ಮೇಲೆ ಮಂಡಿನೋವು ಎಂದು ಮಿಲ್ಲು ನಿಲ್ಲಿಸಿದ, ಮೆಷಿನ್ನನ್ನೂ ಮಾರಿದ. ಇನ್ನು ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಿರುತ್ತಾನೆ ಎಂದುಕೊಂಡೆವು. ಎಲ್ಲಿ ಬಂತು! ಚನ್ನರಾಯಪಟ್ಟಣದಲ್ಲಿ ಮುಚ್ಚಿಹೋದ ಆರ್ಕೆಸ್ಟ್ರಾವೊಂದರ ಡ್ರಮ್ ಸೆಟ್ಟನ್ನು ಆಲೂಗೆಡ್ಡೆ ಲಾರಿಯ ಮೂಟೆಗಳ ಮೇಲೆ ಹೇರಿಕೊಂಡು ಬಂದು, ಮೆಷಿನ್ ಇದ್ದ ಜಾಗದಲ್ಲೇ ಕೂರಿಸಿದ. ಅದರಲ್ಲೂ ಅವನಿಗೆ ಬೇಕಾದದ್ದು ನೆಲಕ್ಕೆ ಕೂರುವ ದೊಡ್ಡ ಡ್ರಮ್ಮು. ಅದನ್ನು ಪೆಡಲು ತುಳಿದು ಬಾರಿಸಬೇಕು. ಮಂಡಿನೋವಿನವನಿಗೆ ತುಳಿಯುವ ವಾದ್ಯ!

ಕಲಿಸುವವರು ಯಾರು? ಹೊಳೆನರಸೀಪುರದ ಬ್ಯಾಂಡ್‌ಸೆಟ್ ಮೇಸ್ತ್ರಿಯ ಹತ್ತಿರ ಹೋದ. ಆತ, "ಮೆರವಣಿಗೇಲಿ ನಡ್ಕಂಡು ಬಡಿಯಾದು ನಮ್ ಕಸುಬು ಸಾ. ಕುಂತ್ಕಂಡು ತುಳಿಯಾದು ನಂಗೊತ್ತಿಲ್ಲ" ಎಂದು ಕೈ ಮುಗಿದ. ಆಗ ಯಾರೋ ಇಂಟರ್‌ನೆಟ್ಟಿನಲ್ಲಿ ಡ್ರಮ್ಸ್ ಪಾಠ ಪುಕ್ಕಟೆ ಸಿಗುತ್ತದೆ ಎಂದು ಕಿವಿಗೆ ಊದಿದರು. ಎರಡು ಸಾವಿರದ ಏಳೋ ಎಂಟೋ ಇರಬೇಕು. ಅಂದಿನಿಂದ ಪ್ರತಿ ಮಂಗಳವಾರ ಅರಕಲಗೂಡಿನ ಬಸ್ಸು ಹಿಡಿದು ಹಾಸನಕ್ಕೆ ಬಂದು, ನಮ್ಮ ಬೀದಿಯ ಸೈಬರ್ ಸೆಂಟರಿಗೆ ನುಗ್ಗುವುದು ಶುರುವಾಯಿತು. ನನಗೆ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಬರುತ್ತದಲ್ಲ, ಜೊತೆಗೆ ನಾನು!

ಆ ಸೈಬರ್ ನಡೆಸುತ್ತಿದ್ದ ಮೇಡಂ ಬಹಳ ತಾಳ್ಮೆಯ ಹೆಂಗಸು. ಒಂದಾದ ಮೇಲೊಂದು ವಿಡಿಯೋ ಹಾಕಿಕೊಡುತ್ತಿದ್ದರು. ಇವನು ಕನ್ಯಾಪರೀಕ್ಷೆಗೆ ಬಂದ ಗಂಡಿನ ಸೋದರಮಾವನ ಹಾಗೆ ಒಂದೊಂದನ್ನೂ ತಳ್ಳಿಹಾಕುತ್ತಿದ್ದ.

"ಇವ್ನು ಬರೀ ಮಾತಾಡ್ತನೆ, ತೆಗೀರಿ."

"ಇವ್ರು ದೊಡ್ಡ ಕಲಾವಿದ್ರು ಸಾರ್. ಎಷ್ಟು ಡ್ರಮ್ಮಿದೆ ನೋಡಿ!"

"ಡ್ರಮ್ ಐತೆ ಮೇಡಂ, ಕಾಲೆಲ್ಲೈತೆ? ಕಾಲು ಕಾಣ್ಬೇಕು."

ಕಡೆಗೆ ಸಿಕ್ಕರು ಗುರುಗಳು. ಚಡ್ಡಿ ಹಾಕಿದ ಒಬ್ಬ ದಪ್ಪ ಬಿಳಿಯ ಮುದುಕ. ಕ್ಯಾಮೆರಾವನ್ನು ನೆಲದ ಮೇಲಿಟ್ಟು, ಬರಿಗಾಲಲ್ಲಿ ಪೆಡಲು ತುಳಿಯುತ್ತಿದ್ದ. ಮುಖವೇ ಕಾಣದು! "ಇವ್ರೇ ಕಣ್ ಭಾವ!" ಎಂದು ಇವನು ಕುರ್ಚಿಯಿಂದ ಎದ್ದುಬಿಟ್ಟ.

ಮೇಡಂ ಹೆಡ್‌ಫೋನ್ ಕೊಟ್ಟರೆ ಬೇಡವೆಂದ. "ಸೌಂಡ್ ಇಲ್ದೆ ಡ್ರಮ್ಸ್ ಕಲೀತೀರಾ ಸಾರ್?" ಎಂದು ಅವರು ನಕ್ಕರು. "ಕಾಲ್ ನೋಡ್ಕಂಡ್ರೆ ಸಾಕು ಬುಡಿ" ಎಂದ. ಕಿವಿ ಮುಚ್ಚಿಕೊಂಡು ಸಂಗೀತ ಕಲಿಯುವ ಪ್ರಾಣಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನೆಟ್ಟು ನಿಧಾನವಾಗಿ ಚಿತ್ರ ನಿಂತು ಚಕ್ರ ತಿರುಗುವಾಗ ಇವನೂ ಕಾಲೆತ್ತಿ ಹಾಗೇ ಕೂರುತ್ತಿದ್ದ. ಊರಿಗೆ ಹೋಗಿ ಅಭ್ಯಾಸ ಮಾಡುವಾಗಲೂ ಅಷ್ಟೇ. ನಾಲ್ಕು ಪೆಟ್ಟು, ಆಮೇಲೆ ಕೊಕ್ಕರೆಯಂತೆ ಕಾಲೆತ್ತಿ ಧ್ಯಾನ!

ಸಾಲದ್ದಕ್ಕೆ ಗುರುಗಳ ಪಾದದ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಮಿಲ್ಲಿನ ಗೋಡೆಗೆ ಅಂಟಿಸಿದ. ಒಮ್ಮೆ ನನ್ನ ಹೆಂಡತಿ ಅಲ್ಲಿಗೆ ಹೋದವಳು ಅದಕ್ಕೆ ಕುಂಕುಮ ಹಚ್ಚಿ, ಅಡ್ಡಬಿದ್ದು, "ಯಾವ ಮಠದ ಸ್ವಾಮಿಗಳದು?" ಎಂದು ಕೇಳಿದಳು. "ಮಠ ಗೊತ್ತಿಲ್ಲ ಅಕ್ಕ, ಬೋ ಒಳ್ಳೆ ಕಾಲು" ಎಂದ!

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಆದರೆ ತಂಗಿಯ ಪಾಡು ನೆನೆದರೆ ಹೊಟ್ಟೆ ಉರಿಯುತ್ತಿತ್ತು. ಪಾಪ, ದಿನವಿಡೀ ಆ ಧಂ ಧಂ ನಡುವೆ ಬಾಳಬೇಕಲ್ಲ! ಅವಳು ಮೊದಲಿನಿಂದಲೂ ಸಾಧು. ನಾನು ಹೋಗಿ ಎಷ್ಟು ಹೊತ್ತು ಮಾತಾಡಿದರೂ ನನ್ನ ಮುಖವನ್ನೇ ನೋಡುತ್ತಾ, ನಗುತ್ತಾ, ತಲೆದೂಗುತ್ತಿದ್ದಳು. ನಮ್ಮ ವಂಶದಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಇನ್ನೊಬ್ಬರಿಲ್ಲ. ಫೋನು ಮಾಡಿದರೆ ಮಾತ್ರ ಭಾವಮೈದನೇ ಎತ್ತಿಕೊಂಡು, "ಹಿತ್ಲಲ್ಲವ್ಳೆ ಭಾವ, ಏನ್ ಏಳ್ಬೇಕು ಏಳಿ" ಎನ್ನುತ್ತಿದ್ದ. ಹೆಂಡತಿಯನ್ನು ಫೋನಿಗೂ ಬಿಡದ ಗಂಡ ಎಂದು ಅದನ್ನೂ ಊರೂರಿಗೆ ಹಂಚಿದೆ.

ಒಂದು ದಿನ ಗಟ್ಟಿ ಮನಸ್ಸು ಮಾಡಿದೆ. ಹಳ್ಳಿಮೈಸೂರಿನ ಶಾಮಿಯಾನದವನೊಬ್ಬನನ್ನು ಗಿರಾಕಿಯಾಗಿ ಗೊತ್ತುಮಾಡಿ, ಆ ಪೀಡೆಯನ್ನು ಮಾರಿಸಿಯೇ ತೀರುತ್ತೇನೆ ಎಂದು ಅರಕಲಗೂಡಿಗೆ ಹೋದೆ. ಮಿಲ್ಲಿನ ಬಾಗಿಲಲ್ಲೇ ನಿಂತು, "ಏನಮ್ಮಾ, ಇವತ್ತು ಇದಕ್ಕೊಂದು ಗತಿ ಕಾಣಿಸ್ತೀನಿ ಕಣಮ್ಮಾ!" ಎಂದು ಕೂಗಿದೆ.

ತಂಗಿ ನನಗೆ ಬೆನ್ನು ಮಾಡಿ, ಬರಿಗಾಲನ್ನು ಚಪ್ಪಡಿಗೆ ಊರಿ, ನೆನೆದ ಅವರೆಕಾಳು ಹಿತುಕುತ್ತಿದ್ದಳು. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಕಾಳು ಪಾತ್ರೆಗೆ ಬೀಳುತ್ತಲೇ ಇತ್ತು. ಡ್ರಮ್ಮಿನ ಹಿಂದೆ ಕೂತಿದ್ದ ಭಾವಮೈದ ನನ್ನ ಮುಖ ನೋಡಿದ, ಅವಳ ಬೆನ್ನು ನೋಡಿದ. ಪೆಡಲನ್ನು ಒಂದೇ ಒಂದು ಸಲ ತುಳಿದ.

ಧಂ!

ಅವಳು ತಟ್ಟನೆ ತಲೆಯೆತ್ತಿ ಗಂಡನನ್ನು ನೋಡಿ, ಅವನ ಕಣ್ಣು ಹೋದ ಕಡೆ ತಿರುಗಿದಳು.

"ಅಣ್ಣಯ್ಯಾ! ಯಾವಾಗ್ ಬಂದ್ಯೋ? ಒಂದ್ ಮಾತು ಕರ್ಯಾದಲ್ವಾ!"

ಅವಳು ಕಾಫಿ ಕಾಸಲು ಒಳಗೆ ಹೋದ ಮೇಲೆ ಭಾವಮೈದ ತಲೆ ತಗ್ಗಿಸಿಕೊಂಡು ಹೇಳಿದ.

"ಎರಡ್ ಕಿವೀನೂ ಓಗಿ ವರ್ಷಗಳಾದ್ವು ಭಾವ. ಡಾಕ್ಟ್ರು ಕೊಟ್ಟ ಮಿಶೀನ್ನಾಗೆ ಬರೀ ಗೊರಗೊರ. ಮಿಲ್ ಓಡ್ತಿದ್ದಾಗ ನೆಲ ಅದುರ್ತಿತ್ತು, ಅಡ್ಗೆಮನೇಲಿ ನಿಂತ್ರೂ ನಾನಿವ್ನಿ ಅಂತ ಗೊತ್ತಾಯ್ತಿತ್ತು. ಮಿಲ್ ನಿಲ್ಸುದ್ ಮೇಲೆ ಮಂಕಾಗೋದ್ಲು. ಮನೇಲಿ ಯಾರೂ ಇಲ್ದಂಗಾಯ್ತದೆ ಅಂದ್ಲು."

"ನಂಗ್ಯಾಕೆ ಹೇಳ್ಲಿಲ್ಲವೋ?"

"ಅವ್ಳೇ ಬ್ಯಾಡ ಅಂದ್ಲು. ಗೊತ್ತಾದ್ರೆ ಅಣ್ಣಯ್ಯ ನನ್ ತಾವ ಮಾತಾಡಾದೇ ಬುಟ್ಬುಡ್ತನೆ ಅಂತ."

ವರ್ಷಗಟ್ಟಲೆ ಅವಳೆದುರು ಕೂತು ಮಾತಾಡಿದ್ದೇನೆ. ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು! ಕಾದವನಲ್ಲ ನಾನು.

ಹಳ್ಳಿಮೈಸೂರಿನವನ ಮಾತನ್ನು ಎತ್ತಲೇ ಇಲ್ಲ. ಭಾವಮೈದ ಜಾಗ ಬಿಟ್ಟು ಎದ್ದ. "ಚಪ್ಲಿ ಬುಡಿ ಭಾವ" ಎಂದ. ಗೋಡೆಯ ಮೇಲಿನ ಪಾದವನ್ನು ನೋಡಿಕೊಂಡು, ನಾನೂ ಬರಿಗಾಲಲ್ಲಿ ಪೆಡಲನ್ನು ತುಳಿದೆ. ಕಾಲು ಜಾರಿ ಸೊಟ್ಟಗೊಂದು ಧಂ ಎಂದಿತು. ಕಾಲೆತ್ತಿ ಹಾಗೇ ಕಾದೆ.

ಅಡುಗೆಮನೆಯಿಂದ ನಗು ಕೇಳಿಸಿತು.

"ಯಾರದು, ಅಣ್ಣಯ್ಯನಾ? ಅಂಗಲ್ಲ ಕಣೋ ತುಳಿಯಾದು! ಇನ್ನೊಂದ್ಸಲ ತುಳಿ, ಕೇಳುಸ್ಕತಾ ಇವ್ನಿ."