ಉಗ್ರಾಣದ ದಾರಿಯಲ್ಲಿ ಒಂದು ರಜೆ ಅರ್ಜಿ

ಸಹೃದಯ ವಾಚಕ ಮಹಾಶಯರೇ, ಜಾಲವಿದ್ಯೆಯ ಒಂದು ಕಠೋರ ನಿಯಮವನ್ನು ಮೊದಲು ತಮ್ಮ ಸನ್ನಿಧಿಯಲ್ಲಿ ನಿವೇದಿಸುತ್ತೇನೆ. ದೊಡ್ಡ ಕಚೇರಿಯ ಕಂಪ್ಯೂಟರ್ ಜಾಲವನ್ನು ವಲಯಗಳಾಗಿ ಒಡೆದಾಗ ಪ್ರತಿಯೊಂದು ವಲಯವೂ 'ಬೆನ್ನೆಲುಬು' ಎಂಬ ಮುಖ್ಯ ವಲಯವನ್ನು ಮುಟ್ಟಲೇಬೇಕು. ಮುಟ್ಟದಿದ್ದರೆ ಅದು ಮಾತು ಬಿಟ್ಟ ದಾಯಾದಿಯಂತೆ ಮೂಲೆ ಸೇರುತ್ತದೆ.

ನಾನು ಕಂಡ ಒಂದು ಕಚೇರಿಯ ಹೊಸ ಕಟ್ಟಡ ಹೀಗೆಯೇ ಮೂಲೆ ಸೇರಿತ್ತು. ಕೇಬಲ್ ಎಳೆದವರು ಅದನ್ನು ನಡುವಿನ ಉಗ್ರಾಣದವರೆಗೆ ತಂದು, ಬೆನ್ನೆಲುಬು ಇನ್ನೂ ಆಚೆ ಇರುವಾಗಲೇ ಕೈ ತೊಳೆದುಕೊಂಡಿದ್ದರು. ಜಾಲದ ಉಸ್ತುವಾರಿಯವನಿಗೆ, ಅಂದರೆ ಎಲ್ಲರ ಬಾಯಲ್ಲಿ ತಂತಿರಾಯನಿಗೆ, ಇದು ಪ್ರಾಣಸಂಕಟವಾಯಿತು. ರಜೆ ಕೊಡುವ ಸಾಹೇಬರು ನಿನ್ನೆಯಷ್ಟೇ ಹೊಸ ಕಟ್ಟಡಕ್ಕೆ ಹೋಗಿ ಕೂತಿದ್ದರು. ಕಂಪ್ಯೂಟರಿನಲ್ಲಿ ಬಾರದ ಅರ್ಜಿಯನ್ನು ಅವರು ಕಣ್ಣೆತ್ತಿಯೂ ನೋಡರು.

"ಎರಡು ಸಲ ಕೈಕೊಟ್ರಿ," ಎಂದಳು ಹೆಂಡತಿ ಫೋನಿನಲ್ಲಿ. "ಸಂಜೆ ಬಸ್ಸಿಗೆ ನೀವು ಬರ್ಲಿಲ್ಲ ಅಂದ್ರೆ ಸಮುದ್ರ ನೋಡೋಕೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ. ನೀವು ತಂತಿಗಳ ಜೊತೇನೇ ಸಂಸಾರ ಮಾಡಿ!"

ಹೊಸ ಕೇಬಲ್ ಎಳೆಯಲು ಸಮಯವಿರಲಿಲ್ಲ. ಉಗ್ರಾಣದ ರೂಟರಿನ ಮೂಲಕವೇ ಬೆನ್ನೆಲುಬಿನ ತನಕ 'ವರ್ಚುವಲ್ ಲಿಂಕ್' ಎಂಬ ಕಣ್ಣಿಗೆ ಕಾಣದ ಸೇತುವೆ ಕಟ್ಟಲು ಅವನು ಓಡಿದ.

ಉಗ್ರಾಣದಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತರು. "ಹೊಸ ಕಟ್ಟಡದವರ ಮಾತೆಲ್ಲ ನನ್ನ ಕೋಣೆ ಮೇಲೆ ಹಾದು ಹೋಗ್ಬೇಕಾ?"

"ಅಕ್ಕಾ, ಹೋಗೋದು ನಿಮಗೆ ಗೊತ್ತೂ ಆಗಲ್ಲ."

"ಗೊತ್ತಾಗದ ಹಾಗೆ ಹೋಗ್ತಾರಾ? ಅದು ಇನ್ನೂ ಕೆಟ್ಟದ್ದು!"

ಹೇಗೋ ಒಳನುಗ್ಗಿ ಲಿಂಕ್ ಕಟ್ಟಿದ. ಹಸಿರು ದೀಪ ಮಿನುಗಿತು; ಮರುಕ್ಷಣವೇ ಆರಿತು. ಉಗ್ರಾಣದಮ್ಮ ರೂಟರಿನ ಪ್ಲಗ್ ಕಿತ್ತು ಫ್ಯಾನ್ ಸಿಕ್ಕಿಸಿದ್ದರು. "ಸೆಕೆ ಕಣಪ್ಪಾ!"

ಅಷ್ಟರಲ್ಲಿ ಲೆಕ್ಕಿಗರು ಇಣುಕಿದರು. "ಇವತ್ತೇ ಯಾಕಯ್ಯಾ? ನಾಳೆ ಮಾಡಿದ್ರೆ ಆಕಾಶ ಬೀಳುತ್ತಾ?"

"ನನ್ನ ಸಂಸಾರ ಬೀಳುತ್ತೆ ಸ್ವಾಮೀ!"

ತಂತಿರಾಯ ಫ್ಯಾನ್ ಕಿತ್ತು ರೂಟರಿನ ಪ್ಲಗ್ ಮತ್ತೆ ಸಿಕ್ಕಿಸಿ, ರಟ್ಟಿನ ಪೆಟ್ಟಿಗೆಯ ಮುಚ್ಚಳ ಹರಿದು, ಎಡಗೈಯಿಂದ ಉಗ್ರಾಣದಮ್ಮನಿಗೆ ರಾಜಸೇವಕನಂತೆ ಗಾಳಿ ಬೀಸುತ್ತಾ ಬಲಗೈಯ ಒಂದೇ ಬೆರಳಿನಿಂದ ಟೈಪಿಸಿದ. ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ಕೊನೆಗೂ ಹಸಿರು ದೀಪ ಸ್ಥಿರವಾಯಿತು. ಅರ್ಜಿ ಸಾಹೇಬರನ್ನು ತಲುಪಿತು. ಅವನು ಎಗರಿ ಎಗರಿ ಕುಣಿದ.

ಉತ್ತರವೂ ಬಾಣದಂತೆ ಬಂತು: "ಹೊಸ ಕಟ್ಟಡದ ಜಾಲ ಈಗಷ್ಟೇ ಜೀವಂತವಾಗಿದೆ. ನೋಡಿಕೊಳ್ಳಲು ನೀವು ಇರಲೇಬೇಕು. ರಜೆ ಇಲ್ಲ."

ಒಡನೆಯೇ ಕಚೇರಿಯ ಉದ್ದಗಲಕ್ಕೂ ಕಂಪ್ಯೂಟರುಗಳು ಟಿಂಗ್ ಟಿಂಗ್ ಎಂದವು. ಒಂದೊಂದು ಟಿಂಗಿಗೂ ಒಬ್ಬೊಬ್ಬರು ಹಣೆ ಚಚ್ಚಿಕೊಂಡರು.

"ಪಾಪಿ!" ಎಂದು ಲೆಕ್ಕಿಗರು ಕಿರುಚಿದರು. "ಹೊಸ ನಿಯಮ ಓದಿಲ್ವಾ? ಸಂಜೆಯೊಳಗೆ ಉತ್ತರ ಬರದಿದ್ರೆ ರಜೆ ತಾನಾಗೇ ಮಂಜೂರು! ಸಾಹೇಬ್ರಿಗೆ ಏನೂ ತಲುಪಲ್ಲ ಅಂತಲೇ ನಾವೆಲ್ಲ ಇವತ್ತು ಅರ್ಜಿ ಹಾಕಿದ್ವಿ ಕಣಯ್ಯಾ! ಈಗ ಎಲ್ರಿಗೂ 'ರಜೆ ಇಲ್ಲ' ಅಂತ ಬಂತು!"

ಉಗ್ರಾಣದಮ್ಮ ರಟ್ಟಿನ ಮುಚ್ಚಳವನ್ನು ಅವನ ಕೈಯಿಂದ ಕಿತ್ತುಕೊಂಡು ಅವನತ್ತಲೇ ಬೀಸಿದರು.

ಸಂಜೆಯ ಬಸ್ಸಿನಲ್ಲಿ ತಾಯಿ ಮಗಳು ಕಿಟಕಿಯ ಪಕ್ಕ ಕುಳಿತು ಸಮುದ್ರದ ಕಡೆಗೆ ಹೊರಟರು. ತಂತಿರಾಯನನ್ನು ಇಡೀ ಕಚೇರಿ ಹುಡುಕುತ್ತಿದೆ. ಇನ್ನೂ ಇಲ್ಲೇ ನಿಂತರೆ ನನ್ನನ್ನೂ ಅವನ ಕಡೆಯವನೆಂದು ಹಿಡಿದಾರು. ಇಗೋ, ಚೀಲ ಹೆಗಲಿಗೇರಿಸಿದೆ. ಚಪ್ಪಲಿ ಮೆಟ್ಟಿಕೊಂಡು ಹಿಂಬಾಗಿಲಿನಿಂದ ಹೊರಟೆ.